ಟ್ರ್ಯಾಕ್ಟರ್ ಸಾಲ: ಗೆಳೆಯನಿಗೊಂದು ಪತ್ರ

ಸಿಂಧನೂರು

ಗೆಳೆಯಾ,

ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಅಂಗಡಿ ಮುಂದೆ ಭತ್ತದ ಲಾರಿ ಲೋಡ್ ಆಗ್ತಿತ್ತು, ಹಮಾಲರ ಗದ್ದಲದಲ್ಲಿ ನಿನಗೆ ಅರ್ಧ ಮಾತೂ ಕೇಳಿಸುತ್ತಿರಲಿಲ್ಲ. "ಬಡ ದೇಶಗಳು ಸಾಲ ತಂದು ತಿಂದು ಕೂತವು, ಈಗ ಬ್ಯಾಂಕಿನವರನ್ನು ಬೈದರೆ ಏನು ಬಂತು?" ಅಂದೆಯಲ್ಲ. ಬ್ಯಾಂಕಿನಲ್ಲಿ ಕೂತವನು ಹಾಗೆ ಹೇಳದೆ ಇನ್ನೇನು ಹೇಳ್ತಾನೆ ಬಿಡು!

ಒಂದು ಟ್ರ್ಯಾಕ್ಟರ್ ಸಾಲದ ಕಥೆ ಹೇಳ್ತೀನಿ. 1979ರಲ್ಲಿ ಆಫ್ರಿಕಾದ ಜಾಂಬಿಯಾ ದೇಶ ರೊಮೇನಿಯಾದಿಂದ ಟ್ರ್ಯಾಕ್ಟರು, ಬೇಸಾಯದ ಯಂತ್ರಗಳನ್ನು ಸಾಲದಲ್ಲಿ ತಂದಿತು. ಸುಮಾರು ಒಂದೂವರೆ ಕೋಟಿ ಡಾಲರ್. ಜಾಂಬಿಯಾ ಮಾರುವುದೆಂದರೆ ತಾಮ್ರ. ಆಗ ಅದರ ರಫ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಅದೊಂದೇ. ಆ ತಾಮ್ರದ ರೇಟು 1975ರ ಹೊತ್ತಿಗೇ ಬಿದ್ದಿತ್ತು. ಕಂತು ಕಟ್ಟಲು ಆಗಲಿಲ್ಲ. ಬಡ್ಡಿ ಸೇರಿ ಸೇರಿ ಸಾಲ ಸುಮಾರು ಮೂರು ಕೋಟಿಗೆ ಮುಟ್ಟಿತು. ರೊಮೇನಿಯಾಕ್ಕೂ ಸಾಕಾಗಿತ್ತು. ಹತ್ತರಲ್ಲಿ ಒಂದು ಪಾಲು ಬಂದರೂ ಸಾಕು ಅಂತ ಚುಕ್ತಾ ಮಾತುಕತೆ ನಡೆಸಿತ್ತು. ಅಷ್ಟರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ ನಡುವೆ ತೂರಿತು. 1999ರಲ್ಲಿ ಆ ಸಾಲವನ್ನು ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಆಮೇಲೆ ಲಂಡನ್ ಕೋರ್ಟಿನಲ್ಲಿ ಐದೂವರೆ ಕೋಟಿ ಡಾಲರಿಗೆ ದಾವೆ ಹಾಕಿತು! 2007ರಲ್ಲಿ ಕೋರ್ಟು ಅಷ್ಟು ಕೊಡಿಸಲಿಲ್ಲ, ನಿಜ. ಆದರೂ ಸುಮಾರು ಒಂದೂವರೆ ಕೋಟಿ ಕೊಡಿಸಿತು. ಒಂದು ನಟ್ಟು ಬೋಲ್ಟೂ ಕೊಡದವರಿಗೆ.

ಈಗ ಬ್ಯಾಂಕುಗಳ ವಿಷಯ. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಅರಬ್ ದೇಶಗಳ ದುಡ್ಡೆಲ್ಲ ಅಮೆರಿಕ, ಯುರೋಪಿನ ಬ್ಯಾಂಕುಗಳಲ್ಲಿ ಬಂದು ಬಿತ್ತು. ಠೇವಣಿ ಸುಮ್ನೆ ಇಟ್ಟುಕೊಂಡರೆ ಬ್ಯಾಂಕಿಗೆ ನಷ್ಟ, ನಿನಗೆ ನಾನು ಹೇಳಬೇಕಾ? ಸಾಲ ಬೇಕಾ ಸಾಲ ಅಂತ ಬಡ ದೇಶಗಳ ಬಾಗಿಲಿಗೆ ಹೋದರು. ದೇಶಗಳು ದಿವಾಳಿ ಆಗಲ್ಲ ಅನ್ನುವುದು ಅಮೆರಿಕದ ಸಿಟಿಬ್ಯಾಂಕಿನ ಆಗಿನ ಮುಖ್ಯಸ್ಥ ವಾಲ್ಟರ್ ರಿಸ್ಟನ್ ಅವರ ನಂಬಿಕೆ. ಆದರೆ ಬಡ್ಡಿ ನಿಗದಿ ಇರಲಿಲ್ಲ. ಆರು ತಿಂಗಳಿಗೊಮ್ಮೆ ಮಾರುಕಟ್ಟೆ ನೋಡಿ ಏರಿಸಬಹುದಿತ್ತು. ಅಮೆರಿಕ ತನ್ನ ಬೆಲೆಯೇರಿಕೆ ತಡೆಯಲು ಬಡ್ಡಿ ಏರಿಸುತ್ತಾ ಹೋಯಿತು. 1981ರಲ್ಲಿ ಅದು ನೂರಕ್ಕೆ 20ರ ಹತ್ತಿರ ಹೋಯಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಕೈ ಎತ್ತಿತು.

ನಾನು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನಾಟಿ ಹೊತ್ತಿಗೆ ರೈತರು ಗೊಬ್ಬರ, ಎಣ್ಣೆ ಅಂತ ಉದ್ರಿ ಒಯ್ಯುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂತ ಖಾತೆಯಲ್ಲಿ ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ. ನಮ್ಮ ಸಾಹುಕಾರ ಧರ್ಮರಾಯ ಏನಲ್ಲ, ತೂಕ ನಮ್ಮ ಅಂಗಡಿಯಲ್ಲೇ ಆಗಬೇಕು ಅಂತಾನೆ. ಆದರೆ ಬೆಳೆ ನಿಂತಿರುವಾಗ "ನನ್ನ ಮನೆ ಖರ್ಚು ಜಾಸ್ತಿ ಆಯ್ತು, ಇನ್ಮುಂದೆ ನೂರಕ್ಕೆ ಐದು" ಅಂದರೆ ಊರಿನವರು ಅಂಗಡಿ ಮುಂದೆ ಬಂದು ಕೂರುತ್ತಾರೆ. ಜಾಂಬಿಯಾದವರು, ಮೆಕ್ಸಿಕೊದವರು ಯಾರ ಅಂಗಡಿ ಮುಂದೆ ಕೂರಬೇಕಿತ್ತು?

ಅವರ ನಾಯಕರು ತಿನ್ನಲಿಲ್ಲ ಅಂತ ನಾನು ಹೇಳಲ್ಲ. ಆಫ್ರಿಕಾದ ಜಾಯಿರ್ (ಈಗಿನ ಕಾಂಗೊ) ದೇಶದ ಅಧ್ಯಕ್ಷ ಮೊಬುಟು ಚೆನ್ನಾಗಿಯೇ ತಿಂದ. ಅದು ಸಾಲ ಕೊಟ್ಟವರಿಗೂ ಗೊತ್ತಿತ್ತು ಅನ್ನೋದೇ ವಿಷಯ. ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಅಲ್ಲಿನ ಕೇಂದ್ರ ಬ್ಯಾಂಕಿಗೆ ಎರ್ವಿನ್ ಬ್ಲೂಮೆಂಟಾಲ್ ಎಂಬ ಜರ್ಮನ್ ಅಧಿಕಾರಿಯನ್ನು ಕಳಿಸಿತ್ತು. ಕೊಟ್ಟ ಸಾಲ ವಾಪಸ್ ಬರುವ ಭರವಸೆಯೇ ಇಲ್ಲ ಅಂತ ಆತ 1982ರಲ್ಲಿ ವರದಿ ಬರೆದ. ಆಮೇಲೂ ಸಾಲ ನಿಲ್ಲಲಿಲ್ಲ.

ತೀರಿಸಿದ್ದು ಮಾತ್ರ ಬೇರೆಯವರು. ಸಾಲ ಕೊಟ್ಟವರ ಷರತ್ತಿಗಾಗಿ 1986ರ ಡಿಸೆಂಬರ್‌ನಲ್ಲಿ ಜಾಂಬಿಯಾ ಮೆಕ್ಕೆಜೋಳದ ಹಿಟ್ಟಿನ ಸಬ್ಸಿಡಿ ತೆಗೆಯಿತು. ಹಿಟ್ಟಿನ ಬೆಲೆ ಎರಡರಷ್ಟಕ್ಕಿಂತ ಜಾಸ್ತಿ ಆಯಿತು. ಗಣಿ ಊರುಗಳಲ್ಲಿ ಗಲಭೆ ಎದ್ದು ಜನ ಸತ್ತರು. ನಮ್ಮಲ್ಲಿ ರೊಟ್ಟಿ ಹೇಗೋ ಅಲ್ಲಿ ಆ ಹಿಟ್ಟಿನ ಮುದ್ದೆ, ಮೂರು ಹೊತ್ತೂ ಅದೇ. ಆಮೇಲೆ ಆಸ್ಪತ್ರೆಗೂ ಫೀಸು ಬಂತು. 2005ರ ಆಸುಪಾಸಿನಲ್ಲಿ ಸಾಲದ ದೊಡ್ಡ ಭಾಗ ಮನ್ನಾ ಆಯಿತು. 2006ರ ಏಪ್ರಿಲ್‌ನಲ್ಲೇ ಹಳ್ಳಿ ಆಸ್ಪತ್ರೆಗಳ ಫೀಸು ತೆಗೆದರು. ಮನ್ನಾ ಮಾಡಿದರೆ ಸೋಮಾರಿಗಳಾಗ್ತಾರೆ ಅಂತೀಯಲ್ಲ, ಇದನ್ನೊಂದು ನೋಡು. ಹಾಂ, 2020ರಲ್ಲಿ ಜಾಂಬಿಯಾ ಮತ್ತೆ ಬಡ್ಡಿ ಕಟ್ಟಲಾಗದೆ ನಿಂತಿತು. ಅದರಲ್ಲಿ ಅವರ ಸರ್ಕಾರದ ತಪ್ಪೂ ಬಹಳ ಇದೆ, ಒಪ್ಪುತ್ತೇನೆ.

ನಮ್ಮ ದೇಶವೂ ಸಾಲ ಕೊಡುವವರ ಬಾಗಿಲಿಗೆ ಹೋಗಿ ಬಂದಿದೆ. 1991ರಲ್ಲಿ ಸುಮಾರು 47 ಟನ್ ಚಿನ್ನ ಒತ್ತೆ ಇಟ್ಟೆವು. ಇಲ್ಲಿ ನಮ್ಮ ಪಕ್ಕದ ಹಟ್ಟಿ ಗಣಿಯಲ್ಲಿ ಅಷ್ಟು ತೆಗೆಯಬೇಕಾದರೆ ಇಪ್ಪತ್ತು ವರ್ಷ ಸಾಲದು.

ನಿಮ್ಮ ಬ್ರಾಂಚಿನಲ್ಲಿ ಮುಳುಗುವ ಸಾಲಕ್ಕೆ ಸಹಿ ಹಾಕಿದ ಮ್ಯಾನೇಜರಿಗೆ ಮೆಮೊ ಬರುತ್ತದೆ, ನೀನೇ ಹೇಳಿದ್ದು. ಬ್ಲೂಮೆಂಟಾಲ್ ವರದಿ ಓದಿದ ಮೇಲೂ ಮೊಬುಟುಗೆ ಕೊಟ್ಟವರಿಗೆ ಮೆಮೊ ಕೊಟ್ಟವರು ಯಾರು? ಇದಕ್ಕೆ ಉತ್ತರ ಬರಿ, ಫೋನ್ ಬೇಡ.

ನಿನ್ನ ದೋಸ್ತ