ಅಜ್ಜಿಯ ಬೆಟ್ಟ, ಪನಾಮಾದ ಗುಡ್ಡ

ಪ್ರೀತಿಯ ಮಂಜ,

ಮೊನ್ನೆ ಶರಾವತಿ ಹಿನ್ನೀರಿನಾಚೆಯ ತುಮರಿಗೆ ಹೋಗಿದ್ದೆ. 2025ರ ಜುಲೈನಲ್ಲಿ ಉದ್ಘಾಟನೆ ಆಯ್ತಲ್ಲ, ಆ ಹೊಸ ಸೇತುವೆ ಮೇಲೆ. ಹೊಳೆಬಾಗಿಲಲ್ಲಿ ಲಾಂಚಿಗೆ ಕಾದು ಕಾದು ಸುಸ್ತಾಗುತ್ತಿದ್ದ ದಾರಿ ಈಗ ಕೆಲವೇ ನಿಮಿಷದ್ದು. ಖುಷಿಯೇ. ಆದರೆ ಹಿನ್ನೀರಿನ ನಡುಗಡ್ಡೆಗಳನ್ನು ಕಣ್ತುಂಬ ನೋಡುವ ಮೊದಲೇ ಆಚೆ ದಡ ಬಂದುಬಿಟ್ಟಿತು.

ನಮ್ಮಜ್ಜಿ ಅವನ್ನು ನಡುಗಡ್ಡೆ ಅಂದವಳೇ ಅಲ್ಲ. ಲಾಂಚಿನ ಕಂಬಿ ಹಿಡಿದು ಒಂದಕ್ಕೆ ಬೊಟ್ಟು ಮಾಡಿ, "ಅದು ನಮ್ಮ ಸೊಪ್ಪಿನ ಬೆಟ್ಟ" ಅನ್ನುತ್ತಿದ್ದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಗದ್ದೆ, ತೋಟ, ಮನೆ ಎಲ್ಲ ಮುಳುಗಡೆ. ಉಳಿದದ್ದು ಬೆಟ್ಟದ ತಲೆ ಮಾತ್ರ.

ಇಂಥದ್ದೇ ಇನ್ನೊಂದು ತಲೆಯ ಬಗ್ಗೆ ಈಚೆಗೆ ಓದಿದೆ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದರು. 1914ರ ಹೊತ್ತಿಗೆ ಅಲ್ಲಿನ ಒಂದು ಗುಡ್ಡ ಬಾರೋ ಕೊಲೊರಾಡೋ ಅನ್ನೋ ದ್ವೀಪವಾಯಿತು. ಸುಮಾರು 1,560 ಹೆಕ್ಟೇರ್. 1923ರಲ್ಲೇ ಅದನ್ನು ಸಂರಕ್ಷಿತ ಕಾಡು ಮಾಡಿದರು. ಸಂಶೋಧಕರ ಬಿಡಾರ ಬಿಟ್ಟರೆ ಊರಿಲ್ಲ, ಕೇರಿಯಿಲ್ಲ. ಅದರೊಳಗೆ 50 ಹೆಕ್ಟೇರಿನ ಒಂದು ತುಂಡಿದೆ. ಬೆರಳು ದಪ್ಪದ ಗಿಡವನ್ನೂ ಬಿಡದೆ ಎಣಿಸುತ್ತಾರಂತೆ, ಎರಡು ಲಕ್ಷಕ್ಕೂ ಜಾಸ್ತಿ! ಐದು ವರ್ಷಕ್ಕೊಮ್ಮೆ ಮತ್ತೆ ಮೊದಲಿಂದ. ನಮ್ಮ ಅಡಿಕೆ ಮರ ಎಣಿಸೋಕೇ ನನಗೆ ಬೇಜಾರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಕ್ಕಿಗಳ ಕಥೆ. ಅಷ್ಟು ಕಾಯ್ದಿಟ್ಟ ಆ ಕಾಡಲ್ಲೂ ಕೆಲವು ಹಕ್ಕಿ ಪೂರ್ತಿ ಇಲ್ಲವಾದವು. ಎದುರು ದಡದಲ್ಲಿ ಅದೇ ಜಾತಿಯವು ಇದ್ದರೂ ತಿರುಗಿ ಬರಲಿಲ್ಲ. ಯಾಕೆ ಅಂತ ನೋಡಲು ಕಾಡಿನ ನೆರಳಲ್ಲೇ ಬದುಕುವ ಹಕ್ಕಿಗಳನ್ನು ಹಿಡಿದು, ದೋಣಿಯಲ್ಲಿ ಒಯ್ದು, ನೀರಿನ ಮೇಲೆ ಹಾರಿಬಿಟ್ಟರು. ಕೆಲವಕ್ಕೆ 100 ಮೀಟರ್ ದಾಟೋಕೂ ಆಗಲಿಲ್ಲ ಕಣೋ. ರೆಕ್ಕೆ ಇದ್ದೂ ನೀರಿಗೆ ಬಿದ್ದವು. ಮೇಲೆತ್ತಿಕೊಳ್ಳಬೇಕಾಯಿತು.

ಅದನ್ನು ಓದುವಾಗ ಕೊನೇ ಲಾಂಚ್ ತಪ್ಪಿದ ಒಂದು ರಾತ್ರಿ ನೆನಪಾಯಿತು. ಅಜ್ಜಿ ಚೀಲದ ಮೇಲೆ ಕೂತು ಆಚೆ ದಡವನ್ನೇ ನೋಡುತ್ತಿದ್ದಳು. "ದೀಪ ಕಾಣ್ತದೆ, ಹೋಗೋಕಾಗಲ್ಲ" ಅಂದಳು. ಬೈಗುಳ ಏನಿಲ್ಲ, ಸುಮ್ನೆ ಹೇಳಿದ ಹಾಗೆ.

ಬೇಸಿಗೆಯಲ್ಲಿ ನೀರು ಇಳಿದಾಗ ಬಾ. ನಿನಗೆ ಹಕ್ಕಿ ಕೂಗು ಗೊತ್ತು, ನನಗೆ ಆ ಬೆಟ್ಟ ಯಾವುದೆಂದು ಗೊತ್ತು. ಅರಣ್ಯ ಇಲಾಖೆಯವರನ್ನು ಕೇಳೋಣ. ಬೇಡ ಅಂದರೆ ದಡದಲ್ಲೇ ಕೂತು ಬೆಳಗಿನ ಜಾವ ಕಿವಿ ಕೊಡೋಣ. ಬೈನಾಕ್ಯುಲರ್ ಮರೀಬೇಡ, ನನ್ನದರ ಒಂದು ಗಾಜು ಒಡೆದಿದೆ.

ನಿನ್ನ ಗೆಳೆಯ