ಪಂಚಾಂಗದೊಳಗಿನ ತುಡುವೆಗೆ ಬೆಂಕಿಯೂ ಬೇಡ, ಸಿಮೆಂಟೂ ಬೇಡ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಬಿಸಿಲು ಬೀಳತೊಡಗಿದರೆ ತುಡುವೆ ಜೇನು ಪಾಲಾಗುವ, ಅಂದರೆ ಒಂದು ಕುಟುಂಬ ಎರಡಾಗಿ ಒಂದು ಪಾಲು ಹೊಸ ಗೂಡು ಹುಡುಕಿ ಹೊರಡುವ ಕಾಲ. ಕರಾವಳಿ, ಮಲೆನಾಡಿನ ಹಳೆಯ ಮನೆಗಳಿಂದ ಆಗ ಒಂದೇ ದೂರು: ಜಗಲಿಯ ಅಡಿಯಲ್ಲಿ ಜೇನು ಸೇರಿಕೊಂಡಿದೆ, ಏನು ಮಾಡುವುದು? ಸೇರಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ. ಕೆಂಪುಕಲ್ಲಿನ ಪಂಚಾಂಗದೊಳಗೆ, ಅಂದರೆ ಮನೆಯ ತಳಪಾಯದ ಕಟ್ಟೆಯೊಳಗೆ, ತುಂಬಿದ ಮಣ್ಣು ವರ್ಷ ಕಳೆದಂತೆ ಕುಸಿದು ಕೂರುತ್ತದೆ. ಹೆಗ್ಗಣ ತೋಡಿದ ಬಿಲವೂ ಅದಕ್ಕೆ ಸೇರಿದರೆ ನೆಲದ ಕೆಳಗೆ ಒಂದು ಕೊಡಪಾನ ಹಿಡಿಸುವಷ್ಟು ಪೊಳ್ಳು ಸಿದ್ಧ. ಒಳಗೆ ಕತ್ತಲೆ, ತಂಪು. ಬಾಗಿಲು ಬೆರಳು ತೂರುವಷ್ಟೇ. ಕಾಡಿನಲ್ಲಿ ಇಂಥ ಪೊಟರೆ ಹುಡುಕಿದರೂ ಸಿಗುವುದಿಲ್ಲ.

ಅದನ್ನು ತೆಗೆಯಲು ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಮೂರು: ಸೀಮೆಎಣ್ಣೆ ಸುರಿದು ಬೆಂಕಿ, ಕೀಟನಾಶಕದ ಸಿಂಪಡಣೆ, ಇಲ್ಲವೇ ತೂತಿಗೆ ಸಿಮೆಂಟು. ಮೂರೂ ತಪ್ಪು. ನೊಣಗಳ ಮೇಲಿನ ಕನಿಕರಕ್ಕೆ ಮಾತ್ರ ಈ ಮಾತು ಹೇಳುತ್ತಿಲ್ಲ, ಮನೆಗೂ ಅದರಿಂದ ಕೇಡೇ.

ಸಿಮೆಂಟಿನ ವಿಷಯ ಮೊದಲು. ಬಾಗಿಲು ಮುಚ್ಚಿದ ಮಾತ್ರಕ್ಕೆ ಜೇನು ಕುಟುಂಬ ಅಂದೇ ಸಾಯುವುದಿಲ್ಲ. ಸಾವಿರಾರು ನೊಣಗಳು ಬೆಳಕಿನ ಎಳೆ ಹುಡುಕಿ ನೆಲದ ಬಿರುಕು, ವಯರಿಂಗ್ ಪೈಪು, ಬಾಗಿಲ ದಾರಂದದ ಸಂದು ಹಿಡಿದು ಕೋಣೆಯೊಳಗೇ ಬರುತ್ತವೆ. ಉಳಿದವು ಒಳಗೇ ಸತ್ತರೆ ರೆಕ್ಕೆ ಬೀಸಿ ಎರಿಯನ್ನು (ಮರಿ, ಜೇನು ಇಡಲು ಮೇಣದಿಂದ ಕಟ್ಟಿದ ಹಲ್ಲೆಯನ್ನು) ತಂಪಾಗಿಡುವವರಿಲ್ಲ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಎರಿ ಕುಸಿಯುತ್ತದೆ, ಜೇನು ಸೋರಿ ಗೋಡೆಯ ಗಾರೆಯ ಮೇಲೆ ಕಪ್ಪು ಕಲೆಯಾಗಿ ಇಳಿಯುತ್ತದೆ. ಹಿಂದೆಯೇ ಇರುವೆ, ಮೇಣದ ಹುಳು, ಇಲಿ. ಕೊಳೆತ ಮರಿಗಳ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ವಿಷ ಹೊಡೆದರೆ ಇನ್ನೊಂದು ಅನಾಹುತ: ಕಾವಲಿಲ್ಲದ, ವಿಷ ತಾಗಿದ ಆ ಜೇನನ್ನು ಸುತ್ತಲಿನ ಜೇನು ಪೆಟ್ಟಿಗೆಗಳ ನೊಣಗಳು ಕದ್ದು ಹೊತ್ತೊಯ್ಯುತ್ತವೆ. ನೆರೆಮನೆಯವರ ಪೆಟ್ಟಿಗೆಗಳು ಖಾಲಿಯಾಗುವುದಕ್ಕೆ ಕಾರಣ ಯಾರಿಗೂ ತಿಳಿಯುವುದೇ ಇಲ್ಲ. ಬೆಂಕಿಯ ಬಗ್ಗೆ ಹೇಳಬೇಕಾಗಿಲ್ಲ; ಮರದ ಅಟ್ಟವಿರುವ ಮನೆಯ ಬುಡಕ್ಕೆ ಸೀಮೆಎಣ್ಣೆ ಸುರಿಯುವುದು ಎಂಥ ಕೆಲಸ ಎಂದು ಓದುಗರೇ ಯೋಚಿಸಲಿ.

ಮೊದಲು ಬಂದಿರುವುದು ಯಾವ ನೊಣ ಎಂದು ನೋಡಿಕೊಳ್ಳಬೇಕು. ಕತ್ತಲೆಯ ಪೊಳ್ಳಿನಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದು ತುಡುವೆ. ಹೆಜ್ಜೇನು ಬಯಲಿನಲ್ಲಿ ಒಂದೇ ದೊಡ್ಡ ಎರಿ ಇಳಿಬಿಡುತ್ತದೆ, ನೆಲದಡಿ ಸೇರುವುದಿಲ್ಲ. ಅದರ ಬಳಿ ಈ ಪತ್ರದ ಯಾವ ಉಪಾಯವನ್ನೂ ಪ್ರಯೋಗಿಸಬಾರದು. ತೂತಿನ ಬಾಯಲ್ಲಿ ಮೇಣದ ಪುಟ್ಟ ಕೊಳವೆ ಚಾಚಿದ್ದು, ನುಸಿಯಂಥ ಕಪ್ಪು ನೊಣ ಓಡಾಡುತ್ತಿದ್ದರೆ ಅದು ಮೊಜಂಟಿ. ಕುಟುಕುವುದಿಲ್ಲ, ಹಾಗೇ ಇರಲಿ ಬಿಡಿ. ಕಾಗದದಂಥ ಗೂಡು ಕಂಡರೆ ಅದು ಕಣಜ, ಅದರ ಮಾತೇ ಬೇರೆ.

ತುಡುವೆಯೇ ಆದರೂ ತೆಗೆಯಲೇಬೇಕು ಎಂದಿಲ್ಲ. ತೂತು ಹಿತ್ತಲ ಕಡೆ, ಜನ ತುಳಿಯದ ಜಾಗದಲ್ಲಿದ್ದರೆ ಬಿಟ್ಟುಬಿಡುವುದೇ ಲೇಸು. ತೆಂಗಿಗೂ ಸೌತೆ, ಹೀರೆ ಬಳ್ಳಿಗೂ ಅವು ಬೇಕು. ಮಳೆಗಾಲದಲ್ಲಿ ಹೂವಿಲ್ಲದೆ ಎಷ್ಟೋ ಕುಟುಂಬಗಳು ತಾವಾಗಿಯೇ ಜಾಗ ಬಿಡುವುದೂ ಉಂಟು. ಬಾಗಿಲ ಎದುರೇ ಹಾರಾಟ, ಮನೆಯಲ್ಲಿ ಚಿಕ್ಕ ಮಕ್ಕಳು, ಕುಟುಕಿದರೆ ಮೈಯೆಲ್ಲ ಊದಿಕೊಳ್ಳುವವರು ಇದ್ದರೆ ಮಾತ್ರ ತೆಗೆಯಿರಿ.

ತೆಗೆಯುವುದಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಆಗಲಿ. ಆಗ ಮರಿ ಹೆಚ್ಚು, ಜೇನು ಕಡಿಮೆ, ಎರಿ ಹಗುರ. ಏಪ್ರಿಲ್‌ನಲ್ಲಿ ಜೇನು ತುಂಬಿದ ಎರಿ ಕೈಯಲ್ಲೇ ಮುರಿದು ನೊಣಗಳು ಅದರಲ್ಲೇ ಮುಳುಗಿ ಸಾಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಹಾಕಲೇಬಾರದು. ಆಹಾರವಿಲ್ಲದ ಕಾಲದಲ್ಲಿ ಕೆದಕಿದ ಕುಟುಂಬ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ.

ಎರಿ ಇರುವ ಜಾಗ ಗುರುತಿಸುವುದೇ ಅರ್ಧ ಕೆಲಸ. ತೂತಿರುವಲ್ಲೇ ಎರಿ ಇರುತ್ತದೆ ಎಂದುಕೊಂಡು ಕಲ್ಲು ಕಿತ್ತರೆ ಬರೀ ಮಣ್ಣು ಸಿಗುತ್ತದೆ. ಎರಿ ಮೂರು ನಾಲ್ಕು ಅಡಿ ಆಚೆಗೂ ಇರಬಹುದು. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಗೋಡೆಗೆ ಕಿವಿ ಹಚ್ಚಿ, ಕಲ್ಲಿನಿಂದ ಕಲ್ಲಿಗೆ ಸರಿಯುತ್ತ, ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ತಟ್ಟಿ. ಒಳಗಿನಿಂದ ‘ಸ್ಸ್’ ಎಂದು ಅಲೆಯಂತೆ ಒಂದು ಸದ್ದು ಎದ್ದು ಮರುಕ್ಷಣ ಅಡಗುತ್ತದೆ. ತುಡುವೆಗಳೆಲ್ಲ ಒಟ್ಟಿಗೆ ಮೈ ಅದುರಿಸುವ ಸದ್ದು ಅದು. ಎಲ್ಲಿ ಜೋರಾಗಿ ಕೇಳುತ್ತದೋ ಅದರ ಹಿಂದೆಯೇ ಎರಿ. ಮರಿ ಎರಿಯ ಬಿಸಿ 34 ಡಿಗ್ರಿಯ ಆಸುಪಾಸು ಇರುವುದರಿಂದ ಚಳಿಯ ಬೆಳಗಿನಲ್ಲಿ ಆ ಭಾಗದ ನೆಲ ಅಂಗೈಗೆ ಬೆಚ್ಚಗೆ ತಾಗುವುದೂ ಉಂಟು.

ಬೇಕಾದ ಸಾಮಾನು ಹೆಚ್ಚಿಲ್ಲ. ಖಾಲಿ ಫ್ರೇಮುಗಳಿರುವ ತುಡುವೆ ಪೆಟ್ಟಿಗೆ, ರಾಣಿ ಗೇಟು (ರಾಣಿ ಹೊರಹೋಗದಂತೆ ಪೆಟ್ಟಿಗೆಯ ಬಾಗಿಲಿಗೆ ಹಾಕುವ ತಡೆ), ಮುಖಪರದೆ, ತೆಂಗಿನ ಸಿಪ್ಪೆ ತುಂಬಿದ ಹೊಗೆ ತಿದಿ, ಉಳಿ, ಸುತ್ತಿಗೆ, ತೆಳು ಅಲಗಿನ ಹರಿತ ಚಾಕು, ಮುಚ್ಚಳವಿರುವ ಬಕೆಟ್, ಕೈತೊಳೆಯಲು ನೀರು, ನೆನೆಸಿಟ್ಟ ಬಾಳೆ ನಾರು. ಪ್ಲಾಸ್ಟಿಕ್ ದಾರ ಬೇಡ. ಎರಿ ಫ್ರೇಮಿಗೆ ಅಂಟಿದ ಮೇಲೆ ಬಾಳೆ ನಾರನ್ನು ನೊಣಗಳೇ ಕಡಿದು ಹೊರಗೆ ಎಳೆದುಹಾಕುತ್ತವೆ, ಪ್ಲಾಸ್ಟಿಕ್ಕಿಗೆ ಕಾಲು ಸಿಕ್ಕಿಸಿಕೊಂಡು ಸಾಯುತ್ತವೆ.

ಕಲ್ಲು ಬಿಚ್ಚಲು ಗಾರೆ ಮೇಸ್ತ್ರಿ ಜತೆಗಿರಲೇಬೇಕು. ಮೇಲಿನ ನೆಲ ಒಡೆಯಬೇಡಿ, ಪಂಚಾಂಗದ ಬದಿಯಿಂದ ಒಂದೇ ಕಲ್ಲು ತೆಗೆಯಿರಿ. ಮನೆಯ ಮೂಲೆಗಲ್ಲು, ಕಂಬದ ಕೆಳಗಿನ ಕಲ್ಲು ಮುಟ್ಟಬಾರದು. ಎರಡನೆಯದು ಬೇಕೇ ಆದರೆ ಪಕ್ಕದ್ದನ್ನು ತೆಗೆಯಿರಿ, ಅದೂ ಮೇಲಿನ ಸಾಲಿಗೆ ಆಸರೆ ಕೊಟ್ಟ ಮೇಲೆ. ಬ್ರೇಕರ್ ಯಂತ್ರ ಖಂಡಿತ ಬೇಡ. ಅದರ ನಡುಕಕ್ಕೆ ಎರಿಗಳು ಕಳಚಿ ಬೀಳುತ್ತವೆ, ನೊಣ ರೊಚ್ಚಿಗೇಳುತ್ತದೆ. ಕಲ್ಲು ಕಲ್ಲಿನ ನಡುವಿನ ಗಾರೆಯನ್ನು ಉಳಿಯಿಂದ ನಿಧಾನಕ್ಕೆ ಬಿಡಿಸಿ. ಮಧ್ಯಾಹ್ನ 3ಕ್ಕೆ ಉಳಿ ಹಿಡಿದರೆ ಮಬ್ಬುಗತ್ತಲಿಗೆ ಮುನ್ನ ಎರಿಗಳೆಲ್ಲ ಪೆಟ್ಟಿಗೆ ಸೇರುತ್ತವೆ, ಹೊರಗೆ ಹೋದ ನೊಣಗಳೂ ಮರಳುತ್ತವೆ.

ಹೊಗೆ ಮಿತವಾಗಿರಲಿ. ಎರಡು ಮೂರು ಸಲ ತಿದಿ ಒತ್ತಿ, ಎರಡು ನಿಮಿಷ ಸುಮ್ಮನಿರಿ. ಹೊಗೆ ತಾಗಿದ ನೊಣ ಜೇನು ಕುಡಿದು ಮೆತ್ತಗಾಗುತ್ತದೆ. ಅತಿಯಾದರೆ ತುಡುವೆ ಎರಿ ಬಿಟ್ಟು ಓಡುತ್ತದೆ, ರಾಣಿ ಯಾವುದೋ ಸಂದಿಯಲ್ಲಿ ಅಡಗಿದರೆ ಆ ದಿನದ ಕೆಲಸ ಕೆಟ್ಟಿತು. ಒಂದು ನೊಣ ಕುಟುಕಿದಲ್ಲಿ ಕಳಿತ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಉಳಿದವಕ್ಕೆ ಅದೇ ದಾಳಿಯ ಕರೆ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆದು ಆ ಜಾಗಕ್ಕೆ ಹೊಗೆ ಹಿಡಿಯಿರಿ. ಉಸಿರು ಕಟ್ಟಿದಂತಾದರೆ, ತುಟಿ ನಾಲಿಗೆ ಊದಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಎರಿ. ಹೊರಗಿನ ಎರಿಯಿಂದ ಶುರುಮಾಡಿ ಒಂದೊಂದನ್ನೇ ಮೇಲಿನ ಬುಡದಲ್ಲಿ ಕೊಯ್ದು, ಅಂಗೈ ಮೇಲೆ ಇಳಿಸಿಕೊಳ್ಳಿ. ಜೇನು ಮಾತ್ರ ಇರುವ ಭಾಗ ಬಕೆಟ್ಟಿಗೆ, ಮರಿ ಇರುವ ಭಾಗ ಫ್ರೇಮಿಗೆ. ತುಡುವೆ ಫ್ರೇಮಿನ ಒಳಅಳತೆ ಸುಮಾರು 8 ಅಂಗುಲ ಉದ್ದ, ಐದೂವರೆ ಅಂಗುಲ ಎತ್ತರ. ಆ ಅಳತೆಗೆ ಕತ್ತರಿಸಿ, ಮೇಲಂಚು ಫ್ರೇಮಿನ ಮೇಲ್ಪಟ್ಟಿಗೆ ಒತ್ತಿ ಕೂರುವಂತೆ ಎರಡು ಮೂರು ಕಡೆ ನಾರು ಸುತ್ತಿ. ಮೇಲು ಕೆಳಗು ಮಾಡಬೇಡಿ: ಎರಿಯ ಕಣ್ಣುಗಳು (ಕೋಶಗಳು) ತುಸು ಮೇಲ್ಮುಖವಾಗಿರುತ್ತವೆ, ತಲೆಕೆಳಗಾದರೆ ಒಳಗಿನ ರಸ ಸೋರುತ್ತದೆ. ಮರಿ ಎರಿಗಳೆಲ್ಲ ನಡುವೆ, ಮೊದಲಿದ್ದ ಸಾಲಿನಲ್ಲೇ ಇರಲಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಒಂದೂಕಾಲು ಅಂಗುಲ ಬೇಕು. ಜಾಸ್ತಿ ಬಿಟ್ಟರೆ ಅಡ್ಡ ಎರಿ ಕಟ್ಟುತ್ತವೆ.

ಎರಿಯನ್ನು ಹತ್ತಿರದಿಂದ ನೋಡಿದವರು ಕೆಲವೊಮ್ಮೆ ಗಾಬರಿಯಾಗುತ್ತಾರೆ: ಕೆಳಅಂಚಿನ ಉಬ್ಬಿದ ಮುಚ್ಚಳಗಳ ನಡುಮಧ್ಯೆ ಸೂಜಿ ಚುಚ್ಚಿದಂತೆ ಒಂದೊಂದು ತೂತು. ಅದು ರೋಗವಲ್ಲ, ಹುಳುವೂ ಅಲ್ಲ. ತುಡುವೆಯ ಗಂಡುನೊಣದ ಕೋಶ ಇರುವುದೇ ಹಾಗೆ. ಭಯಪಡಬೇಕಾದ್ದು ಬೇರೆ: ಮರಿಗಳು ತಲೆ ಮೇಲಕ್ಕೆತ್ತಿ, ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿದ ರೋಗ ಅದು. ಅಂಥ ಕುಟುಂಬವನ್ನು ಸಾಕಿದ ಪೆಟ್ಟಿಗೆಗಳ ಸಾಲಿಗೆ ತರಲೇಬಾರದು. ಯಾರ ಆರೈಕೆಯೂ ಇಲ್ಲದೆ ಪಂಚಾಂಗದೊಳಗೆ ವರ್ಷಗಟ್ಟಲೆ ಬಾಳಿದ ಆರೋಗ್ಯವಂತ ಕುಟುಂಬಕ್ಕೆ ನಮ್ಮ ಲೆಕ್ಕದಲ್ಲಿ ಬೆಲೆ ಹೆಚ್ಚುವುದೂ ಈ ಕಾರಣಕ್ಕೇ. ತಳಿ ಉಳಿಯಬೇಕಾದ್ದು ಅಂಥವುಗಳಿಂದ.

ರಾಣಿ ಉಳಿದವಕ್ಕಿಂತ ಉದ್ದ, ಬಣ್ಣ ಗಾಢ, ರೆಕ್ಕೆ ಮೈಗಿಂತ ಗಿಡ್ಡ. ಸಾಮಾನ್ಯವಾಗಿ ನಡುವಿನ ಮರಿ ಎರಿಯ ಮೇಲೆ ಇರುತ್ತಾಳೆ. ಕಣ್ಣಿಗೆ ಬೀಳದಿದ್ದರೆ ಹುಡುಕಿ ಹುಡುಕಿ ಎರಿ ತಿರುವಬೇಡಿ, ಪೆಟ್ಟಿಗೆಯ ಬಾಗಿಲನ್ನು ಹಳೆಯ ತೂತಿನ ಪಕ್ಕಕ್ಕೇ ಇಟ್ಟು ಅರ್ಧ ಗಂಟೆ ನೋಡಿ. ನೊಣಗಳು ಬಾಗಿಲಲ್ಲಿ ಬಾಲ ಎತ್ತಿ ರೆಕ್ಕೆ ಬೀಸುತ್ತ ನಿಂತು, ಉಳಿದವು ಸಾಲಾಗಿ ಒಳಗೆ ನಡೆದರೆ ರಾಣಿ ಪೆಟ್ಟಿಗೆಯಲ್ಲಿದ್ದಾಳೆ. ನೊಣ ಮತ್ತೆ ಪೊಳ್ಳಿಗೇ ಮರಳುತ್ತಿದ್ದರೆ ರಾಣಿಯೂ ಅಲ್ಲೇ. ಆ ಗುಂಪನ್ನು ಕೈಬೊಗಸೆಯಲ್ಲಿ ಮೆಲ್ಲಗೆ ಬಾಚಿ ಪೆಟ್ಟಿಗೆಗೆ ಸುರಿಯಬೇಕು.

ಕತ್ತಲಾದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ ಪೆಟ್ಟಿಗೆ ಸಾಗಿಸಿ. ಕನಿಷ್ಠ 2 ಕಿಲೊಮೀಟರ್ ದೂರ ಹೋಗಬೇಕು. ಅದೇ ಅಂಗಳದ ಆಚೆ ತುದಿಗೆ ಇಟ್ಟರೆ ಮರುದಿನ ಮೇಯಲು ಹೋದ ನೊಣಗಳೆಲ್ಲ ಹಳೆಯ ಗೋಡೆಗೇ ಬಂದು ಗುಂಪುಗಟ್ಟುತ್ತವೆ. ಅಂಗಳದಲ್ಲೇ ಸಾಕುವ ಮನಸ್ಸಿದ್ದರೆ ದಿನಕ್ಕೆ ಒಂದೆರಡು ಅಡಿಯಂತೆ ಸರಿಸುತ್ತ ಹೋಗಬೇಕು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಒಂದೇ ರಾತ್ರಿಯಲ್ಲಿ ಇರುವೆ ಕೆಲಸ ಮುಗಿಸುತ್ತದೆ. ಸಕ್ಕರೆ, ನೀರು ಸಮಪಾಲು ಸೇರಿಸಿ ದಿನಕ್ಕೆ ಒಂದು ಲೋಟ, ಒಂದು ವಾರ, ಸಂಜೆ ಮಾತ್ರ ಕೊಡಿ. ಹಗಲು ಕೊಟ್ಟರೆ ಬೇರೆ ಕುಟುಂಬಗಳು ಕದಿಯಲು ಬರುತ್ತವೆ. ರಾಣಿ ಗೇಟು ಐದಾರು ದಿನ ಸಾಕು. ಮರೆತು ಬಿಟ್ಟರೆ ಗಂಡುನೊಣಗಳು ಒಳಗೇ ಸಿಕ್ಕಿ ಸತ್ತು ಬಾಗಿಲು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿಯೂ ಹೆಚ್ಚಿನವರು ಎಡವುವುದು ಕೊನೆಗೆ, ಖಾಲಿಯಾದ ಪೊಳ್ಳಿನಲ್ಲಿ. ಕಲ್ಲು ಮರಳಿ ಇಟ್ಟು ಗಾರೆ ಬಳಿದರೆ ಆಗಲಿಲ್ಲ. ಮೇಣದ ಕೊನೆಯ ತುಣುಕಿನವರೆಗೂ ಕೆರೆದು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಸುಣ್ಣ ಬಳಿದು, ಕಲ್ಲುಚೂರು ಮತ್ತು ಗಾರೆಯಿಂದ ಪೊಳ್ಳನ್ನು ಗಟ್ಟಿಯಾಗಿ ತುಂಬಬೇಕು. ಹಳೆ ಮೇಣದ ವಾಸನೆ ಉಳಿದಿದ್ದರೆ ಮುಂದಿನ ವರ್ಷ ಜಾಗ ಹುಡುಕುವ ನೊಣಗಳು ನೇರ ಅಲ್ಲಿಗೇ ಬರುತ್ತವೆ. ಗಾಳಿಕಂಡಿಗೆ ಸೊಳ್ಳೆ ಬಲೆಯಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಿ. ಕೋಳಿಗೂಡಿನ ಜಾಲರಿಯಲ್ಲಿ ತುಡುವೆ ಸಲೀಸಾಗಿ ದಾಟುತ್ತದೆ.

ಕಲ್ಲು ಬಿಚ್ಚಲು ಸಾಧ್ಯವೇ ಇಲ್ಲದ ಮನೆಗಳಲ್ಲಿ ತೂತಿನ ಬಾಯಿಗೆ ಜಾಲರಿಯ ಲಾಳಿಕೆ ಕಟ್ಟಿ, ಹೊರಬಂದ ನೊಣ ಮರಳಿ ಒಳಹೋಗದಂತೆ ಮಾಡಿ, ಪಕ್ಕದಲ್ಲಿಟ್ಟ ಮರಿ ಎರಿಯ ಪೆಟ್ಟಿಗೆಗೆ ಅವನ್ನು ಸೇರಿಸುವ ಕ್ರಮವೂ ಇದೆ. ಮರಿಗಳೆಲ್ಲ ನೊಣವಾಗಿ ಹೊರಬರಲು ಮೂರು ವಾರಕ್ಕೂ ಮೇಲೆ ಬೇಕು, ರಾಣಿ ಬಹುಪಾಲು ಒಳಗೇ ಉಳಿಯುತ್ತಾಳೆ, ಮೇಣವಂತೂ ಅಲ್ಲೇ ಇರುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಅದು.

ಜೇನಿನ ಆಸೆಗೆ ಗೋಡೆ ಒಡೆಯುವವರಿಗೆ ಒಂದು ಮಾತು: ಈ ಕಾಲದಲ್ಲಿ ನೆಲದಡಿಯ ತುಡುವೆಯಿಂದ ಒಂದೆರಡು ಕಿಲೊ ಸಿಕ್ಕರೆ ಹೆಚ್ಚು. ಮೇಸ್ತ್ರಿಯ ಕೂಲಿಗೂ ಅದು ಸಾಲದು. ಪೆಟ್ಟಿಗೆ ಸೇರಿದ ಕುಟುಂಬವೇ ನಿಜವಾದ ಗಳಿಕೆ.

ತೋಟಗಾರಿಕೆ ಇಲಾಖೆ ಜೇನು ಸಾಕಣೆಗೆ ತರಬೇತಿ, ಪೆಟ್ಟಿಗೆಗೆ ಸಹಾಯಧನ ಕೊಡುತ್ತಿದೆ. ತರಬೇತಿ ಪಡೆದು ಗೋಡೆಯಿಂದ ಕುಟುಂಬ ಬಿಡಿಸಬಲ್ಲವರ ಹೆಸರು, ಫೋನ್ ನಂಬರನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಕ್ಟೋಬರ್‌ಗೆ ಮೊದಲು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ. ಹಾವು ಕಂಡರೆ ಯಾರನ್ನು ಕರೆಯಬೇಕೆಂದು ಊರಿನ ಮಕ್ಕಳಿಗೂ ಗೊತ್ತಿದೆ. ಜೇನು ಕಂಡಾಗಲೂ ಸೀಮೆಎಣ್ಣೆ ಡಬ್ಬಿಗಿಂತ ಮೊದಲು ಆ ಫಲಕದ ನಂಬರು ನೆನಪಿಗೆ ಬರುವಂತಾಗಲಿ.

— ಜೇನು ಕೃಷಿಕರು, ಸುಳ್ಯ ತಾಲ್ಲೂಕು