ಹರಡಿದರೆ ಅಡಿಕೆ ಹೆಚ್ಚಾಗುತ್ತದಾ?

ಶಿರಸಿ

ಪ್ರೀತಿಯ ಕೂಸೇ,

ನಿನ್ನ ಕಾಗದ ಬಂತು. ಎಂ.ಎ. ಪ್ರಬಂಧಕ್ಕೆ ನಮ್ಮೂರಿನ ಮಕ್ಕಳನ್ನೇ ಆರಿಸಿಕೊಂಡಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಹುಡುಕಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆಯ ಪರೀಕ್ಷೆ ಮಾಡುತ್ತೇನೆ ಅಂದಿದ್ದೀಯಲ್ಲ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು.

ಹೊಸದಾಗಿ ಶಾಲೆಗೆ ಸೇರಿದಾಗ ನಾನೂ ಅದನ್ನು ಮಾಡಿದ್ದೆ. ಐದು ವರ್ಷದ ಹುಡುಗನೊಬ್ಬನನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಆರು ಅಡಿಕೆಯ ಒಂದು ಸಾಲು, ಎದುರಿಗೆ ಇನ್ನಾರು. "ಎರಡರಲ್ಲೂ ಅಷ್ಟಷ್ಟೇ ಇದೆಯಾ?" ಅಂದೆ. "ಹೌದು" ಅಂದ. ಒಂದು ಸಾಲನ್ನು ಅಗಲ ಮಾಡಿ ಮತ್ತೆ ಅದನ್ನೇ ಕೇಳಿದೆ. ಅವನು ಅಡಿಕೆ ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ಅಗಲದ ಸಾಲಿನ ಮೇಲೆ ಬೆರಳಿಟ್ಟು "ಇದರಲ್ಲಿ ಜಾಸ್ತಿ" ಅಂದ. ಇವನಿಗಿನ್ನೂ ತಿಳಿಯುವುದಿಲ್ಲ ಅಂತ ನಾನು ಬರೆದುಕೊಂಡೆ. ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ ನೋಡುತ್ತಲೇ ಬೆಳೆದ ಹುಡುಗ ಅವನು. ಹರಡಿದರೆ ಅಡಿಕೆ ಹೆಚ್ಚಾಗುವುದಿಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ ಅಂತ ಹೇಗೆ ಹೇಳುವುದು? ಆ ಸಾಲು ಬರೆದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

1970ರ ದಶಕದಲ್ಲಿ ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಅನ್ನುವ ಮನಶ್ಶಾಸ್ತ್ರಜ್ಞರು ಇದೇ ಪರೀಕ್ಷೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಸಾಲು ಕೆಡಿಸುವವರು ದೊಡ್ಡವರಲ್ಲ, ಒಂದು ತುಂಟ ಕರಡಿ ಬೊಂಬೆ. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸರಿಯಾಗಿ ಹೇಳಿದರು. ದೊಡ್ಡವರೇ ಸಾಲು ಅಗಲ ಮಾಡಿದಾಗ ಹಾಗೆ ಹೇಳಿದವರು ಅದಕ್ಕಿಂತ ಎಷ್ಟೋ ಕಡಿಮೆ. ಯಾಕೆ ಅಂತ ನಮ್ಮ ಶಾಲೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕೋರು ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಅಂತಲೇ ಅರ್ಥ, ಅಲ್ವಾ?

ಹಾಗಂತ ಪಿಯಾಜೆಯನ್ನು ಬದಿಗಿಡಬೇಡ. ತನ್ನ ಮೂರೂ ಮಕ್ಕಳನ್ನು ಹುಟ್ಟಿದಾಗಿನಿಂದ ನೋಡುತ್ತಾ ಬರೆದಿಟ್ಟವನು ಅವನು. ಮಗು ತಪ್ಪು ಹೇಳಿದಾಗ "ಯಾಕೆ ಹಾಗೆ?" ಅಂತ ಮಾತು ಮುಂದುವರಿಸಿದವನು. ನಾನು ಅಂದು ಬಿಟ್ಟದ್ದು ಆ "ಯಾಕೆ"ಯನ್ನೇ. ಅವನು ಹುಟ್ಟಿದ 1896ರಲ್ಲೇ ಹುಟ್ಟಿದ ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿಯನ್ನೂ ಜೊತೆಗಿಟ್ಟುಕೋ. ಮಗು ಒಂಟಿಯಾಗಿ ಎಷ್ಟು ಮಾಡುತ್ತದೆ ಅನ್ನುವುದಷ್ಟೇ ಅಲ್ಲ, ಗೊತ್ತಿದ್ದವರು ಪಕ್ಕದಲ್ಲಿದ್ದರೆ ಎಷ್ಟು ಮಾಡುತ್ತದೆ ಅಂತಲೂ ನೋಡು ಅಂದವನು ಅವನು.

ಪ್ರಶ್ನೆಯ ಮಾತೂ ಮುಖ್ಯ. ಇಲ್ಲಿ ಒಂದು ಮನೆಯಲ್ಲಿ ಹವ್ಯಕ, ಇನ್ನೊಂದರಲ್ಲಿ ಕೊಂಕಣಿ, ಮತ್ತೊಂದರಲ್ಲಿ ಉರ್ದು. "ಸಮಾನ" ಅಂತ ನೀನು ಕೇಳಿದರೆ ಮಗು ಎಡವುವುದು ಲೆಕ್ಕದಲ್ಲಲ್ಲ, ಆ ಪದದಲ್ಲಿ. ಮನೆಯವರಿಂದ ಅವರ ಮಾತು ಕೇಳಿಕೊಂಡೇ ಪ್ರಶ್ನೆ ಬರೆ.

ನಾಲ್ಕು ವರ್ಷದವರನ್ನೂ ಒಂಬತ್ತರವರನ್ನೂ ಒಂದೇ ವಾರದಲ್ಲಿ ನೋಡಿ ಹೋಲಿಸುತ್ತೇನೆ ಅಂದಿದ್ದೀಯ. ಸಮಯ ಇರುವುದು ಅಷ್ಟೇ, ಮಾಡು. ಆದರೆ ಅವರು ಬೇರೆ ಬೇರೆ ಮಕ್ಕಳು. 2020ರಲ್ಲಿ ಕೊರೋನಾಕ್ಕೆ ಶಾಲೆಗಳೆಲ್ಲ ಮುಚ್ಚಿದ್ದವು. ಆಗ ಮನೆಯಲ್ಲೇ ಉಳಿದ ಮಗುವಿಗೂ ಆಮೇಲೆ ಹುಟ್ಟಿದ ಮಗುವಿಗೂ ಇರುವ ವ್ಯತ್ಯಾಸ ಬರೀ ವಯಸ್ಸಿನದಲ್ಲ. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಒಳ್ಳೆಯದೇ. ಅಲ್ಲಿ ಬೇರೆ ಕಷ್ಟ: ಕಾರವಾರದ ಕಡೆಯವರು ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ, ನಮ್ಮವರು ಬೆಂಗಳೂರಿಗೆ. ಕೊನೆಗೆ ಉಳಿದವರನ್ನಷ್ಟೇ ನೋಡಿ ಎಲ್ಲರ ಬಗ್ಗೆ ಬರೆಯುವ ಹಾಗಾಗುತ್ತದೆ. ಇದನ್ನು ಪ್ರಬಂಧದಲ್ಲಿ ಮುಚ್ಚಿಡಬೇಡ.

ಅಪ್ಪ ಅಮ್ಮ ಸಹಿ ಹಾಕಿದರೂ ಮಗು "ಸಾಕು" ಅಂದರೆ ಅಲ್ಲಿಗೇ ನಿಲ್ಲಿಸು.

ಮೊದಲ ಎರಡು ದಿನ ಪುಸ್ತಕ ತೆಗೆಯಲೇಬೇಡ. ಸುಮ್ನೆ ಮಕ್ಕಳ ಜೊತೆ ಆಡು, ಅವರಿಗೆ ನಿನ್ನ ಮುಖ ಪರಿಚಯವಾಗಲಿ. ಒಂದೇ ಗಾತ್ರದ ಹನ್ನೆರಡು ಚಾಲಿ ಅಡಿಕೆ ಆರಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕರಡಿ ಬೊಂಬೆ ನೀನೇ ತಾ.

ನಿನ್ನ ದೊಡ್ಡಮ್ಮ